ಕೀ ಇಲ್ಲದ ಫೈಲ್: ಭೋಸರಿಯ ಕಾರ್ಖಾನೆಯಲ್ಲಿ ವಿಂಡೋಸ್ ಬದಲಿಸಿದ ಅನುಭವ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ನಮಗೆ ಮೊದಲೇ ಗೊತ್ತಿದ್ದರೂ, ಬದಲಾವಣೆಗೆ ಹಣ ಮಂಜೂರಾಗಿ ಬಂದದ್ದು ಆ ವರ್ಷದ ಮಳೆಗಾಲದಲ್ಲಿ. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ ನಮ್ಮದು. ಚಾಕಣದಲ್ಲಿ ಚಿಕ್ಕದೊಂದು ಘಟಕವಿದೆ. ಎರಡೂ ಸೇರಿ ಇನ್ನೂರರ ಹತ್ತಿರ ಕಂಪ್ಯೂಟರ್‌ಗಳು. ಅವುಗಳನ್ನು ನೋಡಿಕೊಳ್ಳುವವರು ನಾನು ಮತ್ತು ಇಂಡಿ ತಾಲ್ಲೂಕಿನಿಂದ ಕೆಲಸ ಹುಡುಕಿಕೊಂಡು ಬಂದು ಇಲ್ಲೇ ನೆಲೆಯಾದ ಒಬ್ಬ ಹುಡುಗ. ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ಧಾರವಾಡದ ರಾಯರು. ಮೂವರೂ ಕನ್ನಡದವರಾದ್ದರಿಂದ ಈ ಕೆಲಸದ ಚರ್ಚೆಯೆಲ್ಲ ಕನ್ನಡದಲ್ಲಿಯೇ ನಡೆಯಿತು.

ಇನ್ನೂರು ಕಂಪ್ಯೂಟರ್‌ಗಳ ಮುಂದೆ ಒಂದೊಂದಾಗಿ ಕುಳಿತು ವಿಂಡೋಸ್ 11 ಹಾಕುವುದು ಇಬ್ಬರಿಂದ ಆಗುವ ಕೆಲಸವಲ್ಲ. ನೆಟ್‌ವರ್ಕ್‌ನಿಂದಲೇ ಬೂಟ್ ಆಗಿ, ಯಾರೂ ಮೌಸ್ ಮುಟ್ಟದೆ ತಾನಾಗಿಯೇ ಇನ್‌ಸ್ಟಾಲ್ ಆಗಬೇಕು. ಅದರ ವ್ಯವಸ್ಥೆಯೊಂದನ್ನು ಹಿಂದಿನ ಗುತ್ತಿಗೆದಾರ ಮಾಡಿಟ್ಟು ಹೋಗಿದ್ದ. ಅದನ್ನೇ ತಿದ್ದಿ ಬಳಸೋಣವೆಂದು ತೆರೆದೆವು. ಫೋಲ್ಡರ್ ನೋಡುತ್ತಿದ್ದ ಹುಡುಗ ನನ್ನನ್ನು ಕರೆದು, "ಅಣ್ಣಾ, ಇದರಲ್ಲಿ ನಮ್ಮ ಕೀ ಹಾಗೆಯೇ ಬರೆದಿದೆ" ಎಂದು ತೋರಿಸಿದ.

ಅದು ಅನ್‌ಅಟೆಂಡ್ ಫೈಲ್. ವಿಂಡೋಸ್ ಹಾಕುವಾಗ ಪರದೆಯ ಮೇಲೆ ಬರುವ ಪ್ರಶ್ನೆಗಳಿಗೆ, ಅಂದರೆ ಭಾಷೆ ಯಾವುದು, ಡಿಸ್ಕ್ ಹೇಗೆ ಭಾಗವಾಗಬೇಕು, ಕಂಪ್ಯೂಟರ್‌ನ ಹೆಸರೇನು ಎಂಬಂಥವಕ್ಕೆ, ಮೊದಲೇ ಉತ್ತರ ಬರೆದಿಟ್ಟ ಎಕ್ಸ್‌ಎಂಎಲ್ ಕಡತ. ಅದರೊಳಗೆ ಐದೈದು ಅಕ್ಷರಗಳ ಐದು ಗುಂಪಾಗಿ, ಒಟ್ಟು 25 ಅಕ್ಷರಗಳ ನಮ್ಮ ಎಂಎಕೆ ಕೀ ಸ್ಪಷ್ಟವಾಗಿ ಕೂತಿತ್ತು. ಓದಲು ನೋಟ್‌ಪ್ಯಾಡ್ ಸಾಕು. ಫೋಲ್ಡರ್ ಇದ್ದದ್ದು ಕಾರ್ಖಾನೆಯ ಪ್ರತಿಯೊಬ್ಬ ಲಾಗಿನ್‌ದಾರನೂ ತೆರೆಯಬಹುದಾದ ಹಂಚಿಕೆಯ ಜಾಗದಲ್ಲಿ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಮಾತ್ರ ಅರ್ಥವಾಗದ ಅಕ್ಷರಗಳಲ್ಲಿತ್ತು. ಆದರೆ ಅದು ಬೇಸ್64. ನೋಟಕ್ಕೆ ಗುಟ್ಟಿನಂತೆ ಕಂಡರೂ ಅದು ಗೂಢಲಿಪಿಯಲ್ಲ. ಯಾರು ಬೇಕಾದರೂ ಕ್ಷಣದಲ್ಲಿ ಅದನ್ನು ಮೂಲರೂಪಕ್ಕೆ ತಿರುಗಿಸಬಹುದು.

ವಿಂಡೋಸ್‌ಗೆ ಲೈಸೆನ್ಸ್ ಇದೆಯೆಂದು ಖಚಿತಪಡಿಸುವುದೇ ಆಕ್ಟಿವೇಷನ್, ಅದಕ್ಕೆ ಬೇಕಾದದ್ದು ಕೀ. ಎಂಎಕೆ ಎಂದರೆ ನಿಗದಿತ ಸಂಖ್ಯೆಯವರೆಗೆ ಹಲವು ಕಂಪ್ಯೂಟರ್‌ಗಳನ್ನು ಆಕ್ಟಿವೇಟ್ ಮಾಡಲು ಕೊಟ್ಟ ಒಂದೇ ಕೀ. ಪ್ರತಿ ಆಕ್ಟಿವೇಷನ್‌ಗೂ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ಎಣಿಕೆ ಒಂದು ಇಳಿಯುತ್ತದೆ. ಅದೇ ಕಂಪ್ಯೂಟರ್ ಅಳಿಸಿ ಮತ್ತೆ ಹಾಕಿ ಹೊಸದಾಗಿ ಆಕ್ಟಿವೇಟ್ ಮಾಡಿದರೂ ಇಳಿಯುತ್ತದೆ. ಉಳಿದ ಎಣಿಕೆಯನ್ನು ನೋಡಿದಾಗ ಅದು ನಮ್ಮಲ್ಲಿರುವ ಕಂಪ್ಯೂಟರ್‌ಗಳ ಲೆಕ್ಕಕ್ಕೆ ಯಾವ ರೀತಿಯಲ್ಲೂ ಹೊಂದಲಿಲ್ಲ. ಮರುಸ್ಥಾಪನೆಗಳಲ್ಲಿ ಎಷ್ಟು ಹೋಯಿತು, ಆ ಫೋಲ್ಡರ್‌ನಿಂದ ನಕಲಾಗಿ ಹೊರಗೆ ಎಷ್ಟು ಹೋಯಿತು ಎಂದು ಹೇಳುವ ಯಾವ ದಾಖಲೆಯೂ ಇರಲಿಲ್ಲ. ನನ್ನನ್ನು ಕೆರಳಿಸಿದ್ದು ಅದೇ. ಕಂಪನಿ ಹಣ ಕೊಟ್ಟು ಕೊಂಡ ಹಕ್ಕು, ಅದರ ಖರ್ಚಿಗೆ ಒಂದು ಸಾಲಿನ ಲೆಕ್ಕವೂ ಇಲ್ಲ.

ಆಗ ನಾನು ಒಂದು ನಿರ್ಧಾರಕ್ಕೆ ಬಂದೆ: ನಾವು ಮಾಡುವ ಹೊಸ ಫೈಲ್‌ನಲ್ಲಿ ಗುಟ್ಟಾಗಿಡಬೇಕಾದ ಯಾವ ಕೀಯೂ ಇರಬಾರದು. ಆ ಫೈಲ್ ನಾಳೆ ಕಳ್ಳತನವಾದರೂ ಕದ್ದವನಿಗೆ ಏನೂ ದಕ್ಕಬಾರದು.

ಇದು ಸಾಧ್ಯವೇ ಎಂದು ತಿಳಿಯಲು ಹಳೆಯ ಫೈಲ್ ಅನ್ನು ಇನ್ನೊಮ್ಮೆ ಓದಬೇಕಾಯಿತು. ಕೀ ಅದರಲ್ಲಿ ಎರಡು ಕಡೆ ಇತ್ತು. ಮೊದಲನೆಯದು ಇನ್‌ಸ್ಟಾಲೇಷನ್ ಶುರುವಾಗುವ ವಿಂಡೋಸ್‌ಪಿಇ ಹಂತದ ಯೂಸರ್‌ಡೇಟಾ ಭಾಗದಲ್ಲಿ. ಇಲ್ಲಿ ಕೊಟ್ಟ ಕೀ, ಡಿವಿಡಿಯಲ್ಲಿರುವ ಹಲವು ಆವೃತ್ತಿಗಳಲ್ಲಿ ಯಾವುದನ್ನು ಹಾಕಬೇಕೆಂದು ಸೆಟಪ್‌ಗೆ ಹೇಳುತ್ತದೆ. ಎರಡನೆಯದು ಆಯಾ ಕಂಪ್ಯೂಟರ್‌ನ ವಿವರ ತುಂಬುವ ಸ್ಪೆಷಲೈಸ್ ಹಂತದ ಶೆಲ್ ಸೆಟಪ್ ಭಾಗದಲ್ಲಿ. ಆಕ್ಟಿವೇಷನ್‌ಗೆ ಹೋಗುವುದು ಇದು. ಗುತ್ತಿಗೆದಾರ ಎರಡೂ ಕಡೆ ಎಂಎಕೆಯನ್ನೇ ಅಂಟಿಸಿದ್ದ. ಮೊದಲನೆಯ ಕೆಲಸಕ್ಕೆ ಅದರ ಅಗತ್ಯವೇ ಇಲ್ಲ. ಆವೃತ್ತಿ ಆರಿಸಲು ಸಾಕಾಗುವಂತೆ ಮೈಕ್ರೋಸಾಫ್ಟ್ ಪ್ರತಿ ವಾಲ್ಯೂಮ್ ಆವೃತ್ತಿಗೂ, ಅಂದರೆ ಸಂಸ್ಥೆಗಳಿಗೆ ಒಟ್ಟಾಗಿ ಮಾರುವ ಆವೃತ್ತಿಗೂ, ಒಂದೊಂದು ಸಾರ್ವಜನಿಕ ಕೀಯನ್ನು ತನ್ನ ತಾಣದಲ್ಲಿಯೇ ಪ್ರಕಟಿಸಿದೆ. ಜಿವಿಎಲ್‌ಕೆ ಎನ್ನುತ್ತಾರೆ. ಅದು ಯಾರ ಕೈಗೆ ಸಿಕ್ಕರೂ ಪರವಾಗಿಲ್ಲ, ಏಕೆಂದರೆ ಅದರಿಂದ ಹಕ್ಕು ಬರುವುದಿಲ್ಲ. ಅದರ ಬೆನ್ನಿಗೆ ಆಕ್ಟಿವೇಷನ್ ಸರ್ವರ್ ಒಂದು ಇಲ್ಲದಿದ್ದರೆ ಅದು ಬರೀ ಅಕ್ಷರಗಳ ಸಾಲು. ವಾಲ್ಯೂಮ್ ಲೈಸೆನ್ಸ್‌ನ ಡಿವಿಡಿಯಿಂದ ಹಾಕುವುದಾದರೆ ಅದನ್ನೂ ಬರೆಯಬೇಕಾಗಿಲ್ಲ, ಆ ಕೀ ಒಳಗೇ ಬಂದಿರುತ್ತದೆ.

ಹಾಗಾದರೆ ಉಳಿಯುವ ಪ್ರಶ್ನೆ: ನಮ್ಮಲ್ಲಿ ಹಕ್ಕು ಎಷ್ಟಿದೆ? ಇದಕ್ಕೆ ಉತ್ತರ ಕಂಪ್ಯೂಟರ್‌ನಲ್ಲಿ ಸಿಗುವುದಿಲ್ಲ, ಬೀರುವಿನಲ್ಲಿ ಸಿಗುತ್ತದೆ. ರಾಯರ ಬಳಿ ಹೋದೆ. ಕಂಪನಿ ಕಚೇರಿಯ ಕಂಪ್ಯೂಟರ್‌ಗಳಿಗಾಗಿ ವಾಲ್ಯೂಮ್ ಒಪ್ಪಂದದಲ್ಲಿ ಎಂಟರ್‌ಪ್ರೈಸ್ ಆವೃತ್ತಿಯನ್ನು ಕೊಂಡಿದೆ ಎಂದು ಅವರು ಒಪ್ಪಂದದ ಕಾಗದ ತೆಗೆದು ಇಟ್ಟರು. "ಇಷ್ಟು ಕೊಂಡಿದ್ದೇವೆ, ಇಷ್ಟು ಹಾಕಿ. ಇದರಲ್ಲಿ ಕಷ್ಟವೇನಿದೆ?" ಎಂದು ಕೇಳಿದರು.

ಕಷ್ಟವಿತ್ತು. ವಿಂಡೋಸ್‌ನ ವಾಲ್ಯೂಮ್ ಲೈಸೆನ್ಸ್ ಮೇಲ್ದರ್ಜೆಗೇರಿಸುವ ಹಕ್ಕು ಮಾತ್ರ. ಅದರ ಕೆಳಗೆ ಅರ್ಹವಾದ ಮೂಲ ಲೈಸೆನ್ಸ್ ಒಂದಿರಬೇಕು, ಅಂದರೆ ಕಂಪ್ಯೂಟರ್ ಕೊಳ್ಳುವಾಗಲೇ ಅದರೊಂದಿಗೆ ಬಂದ ಪ್ರೊಫೆಷನಲ್ ಆವೃತ್ತಿಯಂಥದ್ದು. ಹೋಮ್ ಆವೃತ್ತಿಯೊಂದಿಗೆ ಬಂದ ಕಂಪ್ಯೂಟರ್ ಈ ಲೆಕ್ಕಕ್ಕೆ ಅರ್ಹವಲ್ಲ. ತಾಂತ್ರಿಕವಾಗಿ ಅದರ ಮೇಲೆಯೂ ಎಂಟರ್‌ಪ್ರೈಸ್ ಸರಾಗವಾಗಿ ಕೂರುತ್ತದೆ, ಆಕ್ಟಿವೇಟ್ ಕೂಡ ಆಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ತಾನಾಗಿ ನಡೆಯುವ ಇನ್‌ಸ್ಟಾಲೇಷನ್‌ನ ನಿಜವಾದ ಅಪಾಯ ಇಲ್ಲಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಒಬ್ಬ ಮನುಷ್ಯ ಕುಳಿತು ಹಾಕುವಾಗ ಪೆಟ್ಟಿಗೆಯ ಮೇಲಿನ ಚೀಟಿ ಅವನ ಕಣ್ಣಿಗೆ ಬೀಳುತ್ತದೆ, ಒಂದು ಕ್ಷಣ ತಡೆದು ಕೇಳುತ್ತಾನೆ. ನೆಟ್‌ವರ್ಕ್‌ನಿಂದ ಬರುವ ಇನ್‌ಸ್ಟಾಲೇಷನ್‌ಗೆ ಆ ಕಣ್ಣಿಲ್ಲ.

ರಾಯರಿಗೆ ಕಾನೂನಿನ ಭಾಗವನ್ನೂ ಹೇಳಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಅಕ್ರಮ ಪ್ರತಿಯೆಂದು ತಿಳಿದೂ ಕಂಪ್ಯೂಟರ್ ತಂತ್ರಾಂಶ ಬಳಸಿದರೆ 7 ದಿನಕ್ಕೆ ಕಡಿಮೆಯಿಲ್ಲದ, 3 ವರ್ಷದವರೆಗೆ ಹೋಗಬಹುದಾದ ಸೆರೆವಾಸ. ಜೊತೆಗೆ 50,000 ರೂಪಾಯಿಗೆ ಕಡಿಮೆಯಿಲ್ಲದ, 2 ಲಕ್ಷದವರೆಗಿನ ದಂಡ. ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾರನೆಯ ದಿನವೇ ಕಳೆದ ವರ್ಷಗಳ ಖರೀದಿ ಬಿಲ್‌ಗಳನ್ನು ವರ್ಷವಾರು ಕಟ್ಟಿ ನಮ್ಮ ಕೋಣೆಗೆ ಕಳಿಸಿದರು. ಕೆಲವು ಬಿಲ್‌ಗಳಲ್ಲಿ ‘ವಿಂಡೋಸ್ ಸಹಿತ’ ಎಂದಷ್ಟೇ ಇತ್ತು, ಆವೃತ್ತಿ ಬರೆದಿರಲಿಲ್ಲ.

ಅಂಥವನ್ನು ಕಂಪ್ಯೂಟರ್‌ನಿಂದಲೇ ಕೇಳಬಹುದು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ತಯಾರಕರು ಮೂಲ ಕೀಯನ್ನು ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲಿ, ಎಂಎಸ್‌ಡಿಎಂ ಎಂಬ ಕೋಷ್ಟಕದಲ್ಲಿ ಬರೆದಿಡುತ್ತಾರೆ. ಚೀಟಿ ಹರಿದುಹೋದರೂ ಡಿಸ್ಕ್ ಬದಲಾದರೂ ಅದು ಉಳಿಯುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಒಂದು ಸಾಲಿನ ಆದೇಶದಿಂದ ಅದರ ವಿವರಣೆಯನ್ನು ಓದಬಹುದು. ‘ಪ್ರೊಫೆಷನಲ್ ಓಇಎಂ’ ಎಂದು ಬಂದರೆ ಸರಿ (ಓಇಎಂ ಎಂದರೆ ತಯಾರಕರು). ‘ಕೋರ್ ಓಇಎಂ’ ಎಂದು ಬಂದರೆ ಅದು ಹೋಮ್. ಹುಡುಗ ಇದನ್ನೊಂದು ಸ್ಕ್ರಿಪ್ಟ್ ಮಾಡಿ, ಪ್ರತಿ ಕಂಪ್ಯೂಟರ್ ಆನ್ ಆದಾಗ ಸೀರಿಯಲ್ ನಂಬರ್, ಮೂಲ ಆವೃತ್ತಿ, ಈಗ ಇರುವ ಆವೃತ್ತಿ, ಆಕ್ಟಿವೇಷನ್ ಎಲ್ಲಿಂದ ಬಂದಿದೆ ಎಂಬ ನಾಲ್ಕು ವಿವರ ಒಂದು ಕಡೆ ಬಂದು ಸೇರುವಂತೆ ಮಾಡಿದ. ಕೀಯನ್ನು ಮಾತ್ರ ಬೇಕೆಂದೇ ಓದಲಿಲ್ಲ. ವಿವರಣೆ ಸಾಕಾಗುವಲ್ಲಿ ಕೀಗಳನ್ನೆಲ್ಲ ಒಂದು ಕಡತದಲ್ಲಿ ಗುಡ್ಡೆ ಹಾಕುವುದು ಹಳೆಯ ತಪ್ಪನ್ನೇ ಹೊಸ ಹೆಸರಿನಲ್ಲಿ ಮಾಡಿದಂತೆ.

ಪಟ್ಟಿ ತುಂಬುತ್ತಾ ಬಂದಂತೆ ಎರಡು ಸಂಗತಿ ಎದ್ದು ಕಂಡವು. ಮೊದಲನೆಯದು ನಿರೀಕ್ಷಿಸಿದ್ದೇ: ತುರ್ತಿಗೆಂದು ಅಂಗಡಿಯಿಂದ ಬಿಡಿಯಾಗಿ ತಂದ ಲ್ಯಾಪ್‌ಟಾಪ್‌ಗಳಲ್ಲಿ ಹಲವು ‘ಕೋರ್’. ಅವುಗಳ ಮೇಲೆ ಪ್ರೊಫೆಷನಲ್ ಓಡುತ್ತಿತ್ತು. ಎರಡನೆಯದನ್ನು ನಾನು ಎಣಿಸಿರಲಿಲ್ಲ. ಕೆಲವು ಕಂಪ್ಯೂಟರ್‌ಗಳಲ್ಲಿ ಆಕ್ಟಿವೇಷನ್ ಸರ್ವರ್ ಎಂದು ನಮಗೆ ಗುರುತೇ ಇಲ್ಲದ, ಇಂಟರ್‌ನೆಟ್‌ನಲ್ಲಿರುವ ಯಾವುದೋ ವಿಳಾಸ ದಾಖಲಾಗಿತ್ತು. ರಿಪೇರಿಗೆ ಹೋಗಿ ಬಂದ ಕಂಪ್ಯೂಟರ್‌ಗಳವು. ‘ಆಕ್ಟಿವೇಟರ್’ ಎಂಬ ಹೆಸರಿನಲ್ಲಿ ಹಂಚುವ ತಂತ್ರಾಂಶಗಳ ಕೆಲಸ ಇದು. ಅವನ್ನು ಓಡಿಸಲು ಆಂಟಿವೈರಸ್ ಆಫ್ ಮಾಡಿ ಎನ್ನುತ್ತಾರೆ, ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡಿ ಎನ್ನುತ್ತಾರೆ. ಒಳಗೆ ಇನ್ನೇನು ಇಳಿದಿದೆ ಎಂದು ಯಾರು ಹೇಳಬಲ್ಲರು? ಆ ಕಂಪ್ಯೂಟರ್‌ಗಳನ್ನು ಅಂದೇ ನೆಟ್‌ವರ್ಕ್‌ನಿಂದ ತೆಗೆಸಿದೆ. ಸರ್ವರ್ ವಿಳಾಸ ಅಳಿಸಲು ಸರಳ ಆದೇಶವಿದೆ. ಆದರೆ ಅಷ್ಟಕ್ಕೆ ನನಗೆ ಸಮಾಧಾನವಿರಲಿಲ್ಲ. ಡಿಸ್ಕನ್ನೇ ಪೂರ್ತಿ ಅಳಿಸಿ ಹೊಸದಾಗಿ ಹಾಕುವ ಸಾಲಿನಲ್ಲಿ ಅವನ್ನು ಮೊದಲಿಗಿಟ್ಟೆವು.

ಆಕ್ಟಿವೇಷನ್‌ಗೆ ಕೆಎಂಎಸ್ ದಾರಿ ಹಿಡಿದೆವು. ನಮ್ಮದೇ ಕಟ್ಟಡದ ಒಂದು ಸರ್ವರ್ ಒಳಗಿನ ಕಂಪ್ಯೂಟರ್‌ಗಳನ್ನು ಆಕ್ಟಿವೇಟ್ ಮಾಡುತ್ತದೆ. ಅವು ಮೈಕ್ರೋಸಾಫ್ಟ್‌ವರೆಗೆ ಹೋಗಬೇಕಾಗಿಲ್ಲ. ಕಂಪ್ಯೂಟರ್‌ಗಳನ್ನೂ ಲಾಗಿನ್‌ಗಳನ್ನೂ ಒಂದೇ ಕಡೆಯಿಂದ ನಿಯಂತ್ರಿಸುವ ಡೊಮೇನ್ ಮೂಲಕವೇ ಆಕ್ಟಿವೇಟ್ ಆಗುವ ಇನ್ನೊಂದು ದಾರಿಯೂ ಇದೆ. ಆದರೆ ತರಬೇತಿ ಕೋಣೆಯ ಕಂಪ್ಯೂಟರ್‌ಗಳು ಡೊಮೇನ್‌ಗೆ ಸೇರಿಲ್ಲದ್ದರಿಂದ ಅದನ್ನು ಬಿಟ್ಟೆವು. ಕೆಎಂಎಸ್‌ನಲ್ಲಿ ಗುಟ್ಟಿನ ಕೀ ಒಂದೇ, ಸರ್ವರ್‌ನದು. ಅದರಿಂದ ಹೆಚ್ಚೆಂದರೆ 6 ಸರ್ವರ್‌ಗಳನ್ನು ಸಿದ್ಧಪಡಿಸಬಹುದು. ಅದನ್ನು ರಾಯರು ಮುಚ್ಚಿದ ಲಕೋಟೆಯಲ್ಲಿ ತಂದರು. ನಾನು ಸರ್ವರ್‌ನಲ್ಲಿ ಕೈಯಾರೆ ಹೊಡೆದೆ, ಅವರು ಲಕೋಟೆಯನ್ನು ತಿರುಗಿ ತಮ್ಮ ಕಪಾಟಿಗೆ ತೆಗೆದುಕೊಂಡು ಹೋದರು. ಯಾವ ಸ್ಕ್ರಿಪ್ಟ್‌ಗೂ ಅದು ಇಳಿಯಲಿಲ್ಲ. ಉಳಿದ ಕಂಪ್ಯೂಟರ್‌ಗಳು ಹೆಸರಿನಿಂದ ವಿಳಾಸ ತಿಳಿಸುವ ಡಿಎನ್‌ಎಸ್‌ನಲ್ಲಿರುವ ದಾಖಲೆ ನೋಡಿ ಸರ್ವರ್ ಇರುವ ಜಾಗ ತಿಳಿದುಕೊಂಡು, 1688 ಎಂಬ ಪೋರ್ಟ್‌ನಲ್ಲಿ ಅದನ್ನು ಮಾತನಾಡಿಸುತ್ತವೆ. ಒಮ್ಮೆ ಸಿಕ್ಕ ಆಕ್ಟಿವೇಷನ್ 180 ದಿನ ಬಾಳುತ್ತದೆ, 7 ದಿನಕ್ಕೊಮ್ಮೆ ತಾನಾಗಿಯೇ ನವೀಕರಣಕ್ಕೆ ಪ್ರಯತ್ನಿಸುತ್ತದೆ. ಕೊಲ್ಲಾಪುರ, ಬೆಳಗಾವಿ, ಹೊಸೂರು ಎಂದು ತಿರುಗುವ ಮಾರಾಟ ವಿಭಾಗದವರು ವಿಪಿಎನ್‌ನಲ್ಲಿ ಆಗಾಗ ಒಳಗೆ ಬರುವುದರಿಂದ ಅವರಿಗೂ ಇದೇ ಸಾಕಾಯಿತು.

ಒಂದು ನಿಯಮವಿದೆ: 25 ಬೇರೆ ಬೇರೆ ಕಂಪ್ಯೂಟರ್‌ಗಳು ಕೇಳಿಕೊಳ್ಳುವವರೆಗೆ ಕೆಎಂಎಸ್ ಸರ್ವರ್ ಯಾರಿಗೂ ಆಕ್ಟಿವೇಷನ್ ಕೊಡುವುದಿಲ್ಲ. ವಿಂಡೋಸ್ ಸರ್ವರ್‌ಗಳಿಗಾದರೆ ಆ ಮಿತಿ 5. ನಮ್ಮಲ್ಲಿ ಸಂಖ್ಯೆಗೆ ಕೊರತೆಯಿಲ್ಲವಲ್ಲ ಎಂದುಕೊಂಡು ಆ ಸಾಲನ್ನು ಯಾರೂ ಎರಡನೆಯ ಬಾರಿ ಓದಲಿಲ್ಲ. ತರಬೇತಿ ಕೋಣೆಯನ್ನು ಪ್ರಯೋಗಕ್ಕೆ ಆರಿಸಿದೆವು. ಅಲ್ಲಿನ ಕಂಪ್ಯೂಟರ್‌ಗಳನ್ನು ಪೂರೈಸಿದ ಹೊರಗಿನ ತಂತ್ರಜ್ಞರೇ ಅವಕ್ಕೆ ವಿಂಡೋಸ್ 11 ಹಾಕಿ ಒಪ್ಪಿಸಿದ್ದರು. ಎಲ್ಲ ಕಂಪ್ಯೂಟರ್‌ಗಳೂ ಸರ್ವರ್‌ನ ಬಾಗಿಲು ತಟ್ಟಿದವು, ಎಲ್ಲಕ್ಕೂ ಒಂದೇ ಉತ್ತರ: 0xಸಿ004ಎಫ್038. ಎಣಿಕೆ ಸಾಲದು ಎಂದು ಅದರ ಅರ್ಥ. ಕೋಣೆಯಲ್ಲಿ 25ಕ್ಕಿಂತ ಹೆಚ್ಚು ಕಂಪ್ಯೂಟರ್‌ಗಳು ಕಣ್ಣ ಮುಂದೆಯೇ ಇದ್ದವು, ಸರ್ವರ್ ಮಾತ್ರ ಒಂದನ್ನೇ ಕಂಡಿತ್ತು.

ಫೈರ್‌ವಾಲ್ ಎಂದುಕೊಂಡು ಹುಡುಗ ಅರ್ಧ ದಿನ ಅದರ ಹಿಂದೆ ಬಿದ್ದ. ಆದರೆ ಫೈರ್‌ವಾಲ್ ತಡೆದಿದ್ದರೆ ಸರ್ವರ್ ಸಿಗಲಿಲ್ಲ ಎಂಬ ಬೇರೆ ಸಂಖ್ಯೆಯ ದೋಷ ಬರಬೇಕಿತ್ತು. ಇಲ್ಲಿ ಸರ್ವರ್ ಸಿಕ್ಕಿದೆ, ಮಾತನಾಡಿದೆ, ಲೆಕ್ಕಕ್ಕೆ ಮಾತ್ರ ತೆಗೆದುಕೊಂಡಿಲ್ಲ. ಸರ್ವರ್‌ನ ಕೀ ಮ್ಯಾನೇಜ್‌ಮೆಂಟ್ ದಾಖಲೆಯಲ್ಲಿ 12290 ಎಂಬ ಸಂಖ್ಯೆಯ ನಮೂದುಗಳನ್ನು ಸಾಲಾಗಿ ಓದಿದಾಗ ವಿಷಯ ಹೊರಬಿತ್ತು. ಬಂದ ಪ್ರತಿ ಕೋರಿಕೆಯಲ್ಲೂ ಕಂಪ್ಯೂಟರ್‌ನ ಹೆಸರು ಬೇರೆ, ಆದರೆ ಸಿಎಂಐಡಿ ಎಂಬ ಗುರುತು ಅಕ್ಷರಶಃ ಒಂದೇ. ತಂತ್ರಜ್ಞರು ಒಂದು ಕಂಪ್ಯೂಟರನ್ನು ಪೂರ್ತಿ ಸಿದ್ಧಪಡಿಸಿ ಅದರ ಡಿಸ್ಕನ್ನು ಉಳಿದವಕ್ಕೆ ಹಾಗೆಯೇ ನಕಲಿಸಿದ್ದರು. ನಕಲಿಸುವ ಮೊದಲು ವಿಂಡೋಸ್‌ನ ಸಿಸ್‌ಪ್ರೆಪ್ ಎಂಬ ಸಾಧನ ಓಡಿಸಿ ಜನರಲೈಸ್ ಮಾಡಬೇಕು. ಒಂದು ಕಂಪ್ಯೂಟರ್‌ಗೆ ಮಾತ್ರ ಸೇರಿದ ಗುರುತುಗಳನ್ನೆಲ್ಲ ಅಳಿಸಿ, ನಕಲು ತನ್ನದೇ ಗುರುತನ್ನು ಹುಟ್ಟಿಸಿಕೊಳ್ಳಲು ಬಿಡುವ ಹೆಜ್ಜೆ ಅದು. ಅದನ್ನು ಬಿಟ್ಟಿದ್ದರು. ಊರಿಗೆಲ್ಲ ಒಂದೇ ರೇಷನ್ ಕಾರ್ಡ್‌ನ ಜೆರಾಕ್ಸ್ ಹಂಚಿ ಎಲ್ಲರೂ ಅಂಗಡಿಗೆ ಹೋಗಿ ನಿಂತರೆ ಏನಾಗುತ್ತದೋ ಅದೇ ಆಯಿತು.

ಪ್ರತಿ ಕಂಪ್ಯೂಟರ್‌ನಲ್ಲಿಯೂ ರೀಆರ್ಮ್ ಆದೇಶ ಕೊಟ್ಟು ರೀಸ್ಟಾರ್ಟ್ ಮಾಡಿದೆವು. ಅದು ಗುರುತನ್ನು ಹೊಸದಾಗಿಸುತ್ತದೆ. ಸರ್ವರ್‌ನ ಎಣಿಕೆ ಒಂದೊಂದಾಗಿ ಏರತೊಡಗಿತು. 25 ದಾಟಿದ ಮೇಲೆ ಹುಡುಗ ಕೋಣೆಯ ಆ ತುದಿಯಿಂದ, "ಅಣ್ಣಾ, ಬಂತು!" ಎಂದು ಕೂಗಿದ. ಆಕ್ಟಿವೇಟ್ ಆಗದ ಕಂಪ್ಯೂಟರ್ 2 ಗಂಟೆಗೊಮ್ಮೆ ಮತ್ತೆ ಕೇಳುತ್ತದೆ. ಹಾಗಾಗಿ ಮೊದಲು ನಿರಾಸೆಗೊಂಡು ಮರಳಿದವುಗಳನ್ನೂ ನಾವು ಮತ್ತೆ ಮುಟ್ಟಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಕೋಣೆಯೆಲ್ಲ ಸರಿಯಾಗಿತ್ತು. ಆ ನಕಲುಗಳನ್ನು ಮಾತ್ರ ನಾವು ಉಳಿಸಿಕೊಳ್ಳಲಿಲ್ಲ. ಹಾಕಲು ಸಿದ್ಧಪಡಿಸಿದ ವಿಂಡೋಸ್ ಪ್ರತಿ, ಅಂದರೆ ನಮ್ಮದೇ ಇಮೇಜ್, ಸಿದ್ಧವಾದ ಮೇಲೆ ಅವನ್ನೂ ಹೊಸದಾಗಿ ಹಾಕಿದೆವು.

ಭೋಸರಿಯಲ್ಲಿ ಕಾರ್ಖಾನೆಗಳ ವಾರದ ರಜೆ ಗುರುವಾರ. ಬೇರೆ ಊರಿನವರಿಗೆ ಇದು ವಿಚಿತ್ರ ಎನಿಸುತ್ತದೆ, ನಮಗೆ ಇದೇ ವರವಾಯಿತು. ಬುಧವಾರ ಎರಡನೆಯ ಪಾಳಿ ಮುಗಿದ ಮೇಲೆ ಒಂದು ವಿಭಾಗದ ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್ ಬೂಟ್‌ಗೆ ಹಚ್ಚಿ, ಗುರುವಾರ ಪೂರ್ತಿ ಅದರ ಹಿಂದೆ ಇರುತ್ತಿದ್ದೆವು. ಕ್ಯಾಂಟೀನ್ ಮುಚ್ಚಿರುತ್ತಿತ್ತು. ಲಾಂಡೇವಾಡಿಯ ಕಡೆಯಿಂದ ಹುಡುಗ ಪೋಹೆ, ವಡಾಪಾವ್ ಕಟ್ಟಿಸಿಕೊಂಡು ಬರುತ್ತಿದ್ದ.

ನಮ್ಮ ಇನ್‌ಸ್ಟಾಲೇಷನ್ ವ್ಯವಸ್ಥೆ ಎಂಡಿಟಿ ಎಂಬ ಮೈಕ್ರೋಸಾಫ್ಟ್‌ನ ಸಾಧನದ್ದು. ಅದರ ನಿಯಮ ಕಡತದಲ್ಲಿ ಸೀರಿಯಲ್ ನಂಬರ್‌ಗೆ ಒಂದೊಂದು ವಿಭಾಗ ಬರೆಯಬಹುದು. ಅದನ್ನೇ ಕಾವಲಾಗಿ ಬಳಸಿದೆವು. ರಾಯರ ಬಿಲ್‌ಗೂ ಹುಡುಗನ ಪಟ್ಟಿಗೂ ತಾಳೆಯಾದ ಸೀರಿಯಲ್ ನಂಬರ್‌ಗಳಷ್ಟೇ ಅದರಲ್ಲಿದ್ದವು. ಪಟ್ಟಿಯಲ್ಲಿಲ್ಲದ ಕಂಪ್ಯೂಟರ್ ಬೂಟ್ ಆದರೆ ಇನ್‌ಸ್ಟಾಲೇಷನ್ ಡಿಸ್ಕ್ ಮುಟ್ಟುವ ಮೊದಲೇ ನಿಂತು, ಐಟಿ ವಿಭಾಗವನ್ನು ಕಾಣಿ ಎಂಬ ಸಂದೇಶ ತೋರಿಸುತ್ತಿತ್ತು. ಇದನ್ನು ಕೆಲವರು ಅತಿಯಾಯಿತು ಎಂದರು. ಆದರೆ ಒಂದು ಮಾತು ಯೋಚಿಸಬೇಕು. ಎಂಎಕೆ ಎಣಿಸುತ್ತದೆ, ಮುಗಿದಾಗ ನಿಲ್ಲಿಸುತ್ತದೆ. ಕೆಎಂಎಸ್‌ಗೆ ಮೇಲಿನ ಮಿತಿಯೇ ಇಲ್ಲ. 25 ದಾಟಿದ ಮೇಲೆ ಎಷ್ಟು ಕಂಪ್ಯೂಟರ್ ಬಂದು ಕೇಳಿದರೂ ಕೊಡುತ್ತಾ ಹೋಗುತ್ತದೆ, ನೀವು ಕೊಂಡದ್ದೆಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಫೈಲ್‌ನಿಂದ ಕೀ ತೆಗೆದ ಮೇಲೆ ಲೆಕ್ಕ ಇಡುವ ಹೊಣೆ ತಂತ್ರಾಂಶದಿಂದ ಮನುಷ್ಯರ ಮೇಲೆ ಬರುತ್ತದೆ. ಆ ಹೊಣೆಯನ್ನು ಹೊರದೆ ಕೆಎಂಎಸ್ ನಡೆಸುವುದು ಸರಿಯಲ್ಲ.

‘ಕೋರ್’ ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಒತ್ತಡ ಬಂತು. ಫರ್ಮ್‌ವೇರ್‌ನಲ್ಲಿ ಹೋಮ್ ಕೀ ಇದ್ದರೂ ಸೆಟಪ್ ಮೊದಲು ನೋಡುವುದು ಅನ್‌ಅಟೆಂಡ್ ಫೈಲ್, ಪಿಐಡಿ ಎಂಬ ಕಡತಗಳನ್ನು. ಫರ್ಮ್‌ವೇರ್‌ನ ಸರದಿ ಆಮೇಲೆ. ಆದ್ದರಿಂದ ಬೇಕಾದ ಆವೃತ್ತಿ ಹಾಕುವುದು ಒಂದು ಸಾಲಿನ ಕೆಲಸ. ವಿಭಾಗದ ಮುಖ್ಯಸ್ಥರೊಬ್ಬರು, "ಸದ್ಯಕ್ಕೆ ಹಾಕಿಬಿಡಿ, ಆಮೇಲೆ ಕೊಳ್ಳೋಣ" ಎಂದರು. ಆ ಲ್ಯಾಪ್‌ಟಾಪ್‌ಗಳ ಸೀರಿಯಲ್ ನಂಬರ್ ಪಟ್ಟಿಗೆ ಸೇರುವುದು ಬಿಲ್ ಬಂದ ಮೇಲೆ ಎಂದು ರಾಯರೇ ಅವರಿಗೆ ಹೇಳಿದರು. ಕೆಲವಕ್ಕೆ ಪ್ರೊಫೆಷನಲ್ ಕೊಂಡರು. ಹಳೆಯ ಪ್ರೊಸೆಸರ್‌ನವು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದವು ಹೇಗಿದ್ದರೂ ವಿಂಡೋಸ್ 11ಕ್ಕೆ ಒಗ್ಗುತ್ತಿರಲಿಲ್ಲ. ಅವು ಬದಲಾದವು.

ಇನ್‌ಸ್ಟಾಲ್ ಮುಗಿದ ಮೇಲೆ ಹಿಂದೆ ಉಳಿಯುವ ಕುರುಹುಗಳ ಬಗ್ಗೆ ಹೆಚ್ಚು ಜನ ಯೋಚಿಸುವುದಿಲ್ಲ. ಅನ್‌ಅಟೆಂಡ್ ಫೈಲ್‌ನ ಒಂದು ಪ್ರತಿ ವಿಂಡೋಸ್ ಫೋಲ್ಡರ್‌ನೊಳಗಿನ ಪ್ಯಾಂಥರ್ ಎಂಬ ಜಾಗದಲ್ಲಿ ಉಳಿದುಬಿಡುತ್ತದೆ. ಆಯಾ ಹಂತ ಮುಗಿದಾಗ ಸೆಟಪ್ ಪಾಸ್‌ವರ್ಡ್‌ನಂಥ ಸೂಕ್ಷ್ಮ ವಿವರಗಳನ್ನು ಆ ಪ್ರತಿಯಿಂದ ಅಳಿಸುತ್ತದೆ ನಿಜ. ಆದರೂ ಕಂಪ್ಯೂಟರನ್ನು ಬಳಕೆದಾರರಿಗೆ ಒಪ್ಪಿಸುವ ಮೊದಲು ಪ್ರತಿಯನ್ನೇ ತೆಗೆದುಹಾಕಿ ಎಂದು ಮೈಕ್ರೋಸಾಫ್ಟ್‌ನ ಸೂಚನೆಯೇ ಹೇಳುತ್ತದೆ. ನಮ್ಮ ಫೈಲ್‌ನಲ್ಲಿ ಕೀ ಇರದಿದ್ದರೂ ಡೊಮೇನ್‌ಗೆ ಸೇರಿಸುವ ಖಾತೆಯ ವಿವರವಿತ್ತು. ಆದ್ದರಿಂದ ಕೊನೆಯ ಹೆಜ್ಜೆಯಾಗಿ ಆ ಪ್ರತಿಯನ್ನು ಅಳಿಸುವ ಆದೇಶ ಸೇರಿಸಿದೆವು. ಆ ಖಾತೆಗೂ ಕಂಪ್ಯೂಟರ್‌ಗಳನ್ನು ಡೊಮೇನ್‌ಗೆ ಸೇರಿಸುವುದರ ಹೊರತು ಬೇರೆ ಅಧಿಕಾರವಿಲ್ಲದಂತೆ ಮಾಡಿದೆವು. ಹಂಚಿಕೆಯ ಫೋಲ್ಡರ್ ಈಗ ಇನ್‌ಸ್ಟಾಲೇಷನ್ ಖಾತೆಗೆ ಮತ್ತು ನಮ್ಮಿಬ್ಬರಿಗೆ ಮಾತ್ರ ತೆರೆಯುತ್ತದೆ.

ಇಂಟರ್‌ನೆಟ್ ಕಾಣದ ಕಂಪ್ಯೂಟರ್‌ಗಳು ಬೇರೆ ರೀತಿಯವು. ಶಾಪ್ ಫ್ಲೋರ್‌ನ ಕೆಲವು ತಪಾಸಣೆ ಮೇಜುಗಳು ಬೇರೆಯೇ ನೆಟ್‌ವರ್ಕ್‌ನಲ್ಲಿವೆ, ಕೆಎಂಎಸ್ ಸರ್ವರ್ ಅವಕ್ಕೆ ಸಿಗುವುದಿಲ್ಲ. ಅಲ್ಲಿ ಎಂಎಕೆ ಬಿಟ್ಟರೆ ದಾರಿಯಿಲ್ಲ. ಆದರೂ ಅದು ಫೈಲ್‌ನಲ್ಲಿ ಇರಬೇಕಾಗಿಲ್ಲ. ವಿಎಎಂಟಿ ಎಂಬ ಮೈಕ್ರೋಸಾಫ್ಟ್‌ನದೇ ಸಾಧನವಿದೆ. ಕಂಪ್ಯೂಟರ್ ಕೊಡುವ ಇನ್‌ಸ್ಟಾಲೇಷನ್ ಐಡಿಯನ್ನು ಅದು ಪಡೆದು, ಇಂಟರ್‌ನೆಟ್ ಇರುವ ಕಡೆಯಿಂದ ಮೈಕ್ರೋಸಾಫ್ಟ್‌ಗೆ ತಲುಪಿಸಿ, ಬಂದ ಖಚಿತತೆಯ ಐಡಿಯನ್ನು ಮರಳಿ ತಂದು ಕಂಪ್ಯೂಟರ್‌ಗೆ ಹಚ್ಚುತ್ತದೆ. ಖಚಿತತೆಯ ಐಡಿಯನ್ನು ಅದು ಇಟ್ಟುಕೊಂಡಿರುತ್ತದೆ. ನಾಳೆ ಅದೇ ಯಂತ್ರಾಂಶದ ಮೇಲೆ ಮತ್ತೆ ವಿಂಡೋಸ್ ಹಾಕಿದರೆ ಅದನ್ನೇ ಹಚ್ಚಬಹುದು, ಎಣಿಕೆ ಇಳಿಯುವುದಿಲ್ಲ. ಹಿಂದಿನವರು ಎಂಎಕೆಯನ್ನು ಹೀಗೆ ನಡೆಸಿದ್ದರೆ ನಮ್ಮ ಎಣಿಕೆ ಅಷ್ಟು ಬತ್ತುತ್ತಿರಲಿಲ್ಲ. ಆಕ್ಟಿವೇಟ್ ಆದ ಮೇಲೆ ಸಿಪಿಕೆವೈ ಎಂಬ ಆಯ್ಕೆಯಿಂದ, ವಿಂಡೋಸ್ ತನ್ನ ವಿವರಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿರುವ ಕೀಯನ್ನು ಅಳಿಸಿದೆವು. ಆಕ್ಟಿವೇಷನ್ ಉಳಿಯುತ್ತದೆ, ಕೀ ಹೆಕ್ಕುವ ತಂತ್ರಾಂಶಗಳಿಗೆ ಏನೂ ಸಿಗುವುದಿಲ್ಲ.

ಅಳತೆ ಯಂತ್ರಗಳ ಜೊತೆಗೆ ಅವುಗಳ ತಯಾರಕರೇ ಕೊಟ್ಟ ಕಂಪ್ಯೂಟರ್‌ಗಳನ್ನು ಮಾತ್ರ ನಾವು ಮುಟ್ಟಲಿಲ್ಲ. ಅವುಗಳಲ್ಲಿ ಇರುವುದು ವಿಂಡೋಸ್ 10 ಐಒಟಿ ಎಂಟರ್‌ಪ್ರೈಸ್‌ನ ಎಲ್‌ಟಿಎಸ್‌ಸಿ 2021, ದೀರ್ಘಕಾಲದ ಬೆಂಬಲವಿರುವ ಆವೃತ್ತಿ. ಅದರ ಬೆಂಬಲ 2032ರ ಜನವರಿಯವರೆಗೆ ಇದೆ, ಲೈಸೆನ್ಸ್ ಯಂತ್ರದೊಂದಿಗೇ ಬಂದಿದೆ. ಪಟ್ಟಿಯಲ್ಲಿ ಅವುಗಳ ಮುಂದೆ ‘ಬದಲಿಸಕೂಡದು’ ಎಂದು ಬರೆದು ಮುಂದೆ ಹೋದೆವು.

ವಿನ್ಯಾಸ ವಿಭಾಗದ ಲಿನಕ್ಸ್ ಸರ್ವರ್‌ಗಳು ನನಗೆ ಹಳೆಯ ದಿನಗಳನ್ನು ನೆನಪಿಸಿದವು. 2007ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 5ರಲ್ಲಿ ಇನ್‌ಸ್ಟಾಲೇಷನ್ ನಂಬರ್ ಎಂಬುದೊಂದಿತ್ತು. ವಿಂಡೋಸ್‌ನ ಅನ್‌ಅಟೆಂಡ್ ಫೈಲ್‌ನಂತೆ ಲಿನಕ್ಸ್‌ಗಿರುವ ಕಿಕ್‌ಸ್ಟಾರ್ಟ್ ಫೈಲ್‌ನಲ್ಲಿ ‘ಕೀ’ ಎಂಬ ಆದೇಶ ಇಲ್ಲದಿದ್ದರೆ, ತಾನಾಗಿ ನಡೆಯಬೇಕಾದ ಇನ್‌ಸ್ಟಾಲೇಷನ್ ಆ ಪ್ರಶ್ನೆಯ ಮುಂದೆ ಬಂದು ಸುಮ್ಮನೆ ನಿಲ್ಲುತ್ತಿತ್ತು. ರಾತ್ರಿ ಹಚ್ಚಿ ಹೋದವರು ಬೆಳಿಗ್ಗೆ ಬಂದು ನೋಡಿದರೆ ಎಲ್ಲವೂ ಅದೇ ಪರದೆಯಲ್ಲಿ. ಅದನ್ನು ದಾಟಿಸಲು ಅದೇ ಆದೇಶಕ್ಕೆ ‘ಸ್ಕಿಪ್’ ಎಂಬ ಆಯ್ಕೆ ಇತ್ತು. ಬಹುಪಾಲು ಜನ ನಂಬರನ್ನೇ ಫೈಲ್‌ನಲ್ಲಿ ಬರೆದು, ಫೈಲ್ ಅನ್ನು ಎಚ್‌ಟಿಟಿಪಿಯಲ್ಲಿ ಎಲ್ಲರಿಗೂ ಸಿಗುವಂತೆ ಇಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಈಗ ರೆಡ್ ಹ್ಯಾಟ್‌ನ ರೀತಿ ಬೇರೆ. ಸಂಸ್ಥೆಯ ಗುರುತು ಮತ್ತು ಆಕ್ಟಿವೇಷನ್ ಕೀ ಕೊಟ್ಟರೆ ಸರ್ವರ್ ನೋಂದಣಿಯಾಗುತ್ತದೆ. ಆ ಕೀ ನಾವೇ ಇಟ್ಟ ಒಂದು ಹೆಸರು. ಸೋರಿತು ಎಂದು ಅನುಮಾನ ಬಂದರೆ ಅದನ್ನು ಅಳಿಸಿ ಹೊಸದನ್ನು ನಾವೇ ಮಾಡಿಕೊಳ್ಳಬಹುದು, ಯಾರನ್ನೂ ಬೇಡಬೇಕಾಗಿಲ್ಲ. ಕೀ ಇರಬೇಕಾದದ್ದು ಹೀಗೆ ಎಂದು ನನಗೆ ಅನಿಸುತ್ತದೆ. ಆದರೂ ಇನ್‌ಸ್ಟಾಲ್ ಆದ ಮೇಲೆ ರೂಟ್ ಬಳಕೆದಾರನ ಫೋಲ್ಡರ್‌ನಲ್ಲಿ ಕಿಕ್‌ಸ್ಟಾರ್ಟ್ ಫೈಲ್‌ನ ಒಂದು ಪ್ರತಿ ಉಳಿಯುತ್ತದೆ. ಅದನ್ನೂ ನೋಡಿಕೊಳ್ಳಬೇಕು. ಒಂದೇ ಯಂತ್ರದಲ್ಲಿ ಹಲವು ಸರ್ವರ್ ಓಡಿಸುವ ಇಎಸ್‌ಎಕ್ಸ್‌ಐ ತಂತ್ರಾಂಶದ ಸರ್ವರ್‌ಗೆ ಮಾತ್ರ ಫೈಲ್‌ನಲ್ಲಿ ಸೀರಿಯಲ್ ನಂಬರ್ ಕೊಡಲೇ ಇಲ್ಲ. ಕೊಡದಿದ್ದರೆ ಅದು 60 ದಿನಗಳ ಪರೀಕ್ಷಾ ಅವಧಿಯಲ್ಲಿ ಓಡುತ್ತದೆ, ಆ ಅವಧಿಯೊಳಗೆ ನಂಬರನ್ನು ಕೈಯಿಂದ ಹಾಕಲು ಬೇಕಾದಷ್ಟು ಸಮಯವಿರುತ್ತದೆ.

ಚಾಕಣದ ಕೆಲಸ ಸುಲಭವಾಯಿತು. ಅಲ್ಲಿನ ಕಂಪ್ಯೂಟರ್‌ಗಳ ಸಂಖ್ಯೆ 25ಕ್ಕಿಂತ ಕಡಿಮೆ, ಅಲ್ಲಿಯೇ ಬೇರೆ ಕೆಎಂಎಸ್ ಇಟ್ಟಿದ್ದರೆ ಎಂದೂ ಎಣಿಕೆ ತುಂಬುತ್ತಿರಲಿಲ್ಲ. ಎರಡು ಘಟಕಗಳ ನಡುವಿನ ಸಂಪರ್ಕದಲ್ಲಿ 1688 ಪೋರ್ಟ್ ತೆರೆದು ಭೋಸರಿಯ ಸರ್ವರ್‌ಗೇ ಜೋಡಿಸಿದೆವು.

ಕೊನೆಗೆ ಉಳಿದದ್ದು ಹಳೆಯ ಎಂಎಕೆ. ಎಷ್ಟು ಕೈಗಳಲ್ಲಿ ಇದೆಯೋ ತಿಳಿಯದ ಕೀಯನ್ನು ಚಾಲ್ತಿಯಲ್ಲಿಡುವುದು ನನಗೆ ಒಪ್ಪಿಗೆಯಿರಲಿಲ್ಲ. ಕಂಪನಿಯ ಒಪ್ಪಂದದ ಸಂಖ್ಯೆಯೊಂದಿಗೆ, ಅದು ಎಲ್ಲಿ ತೆರೆದು ಬಿದ್ದಿತ್ತು ಎಂಬುದನ್ನು ಮುಚ್ಚಿಡದೆ ಬರೆದು, ಅದನ್ನು ನಿಲ್ಲಿಸಿ ಬೇರೆ ಕೊಡಿ ಎಂದು ಕೇಳಿಕೊಂಡೆವು. ಹೊಸ ಕೀ ಬಂದಾಗ ಅದನ್ನು ಮೊದಲು ನೋಡಿದವರು ರಾಯರು. ವಿಎಎಂಟಿಯಲ್ಲಿ ಅದನ್ನು ಸೇರಿಸುವಾಗಲೂ ಅವರು ಪಕ್ಕದಲ್ಲಿಯೇ ಕುಳಿತಿದ್ದರು.

ಹುಡುಗನ ಪಟ್ಟಿಗೆ ರಾಯರು ಎರಡು ಕಾಲಂ ಸೇರಿಸಿದ್ದಾರೆ: ಬಿಲ್ ಸಂಖ್ಯೆ ಮತ್ತು ಮೂಲ ಆವೃತ್ತಿಯ ಆಧಾರ. ಎರಡೂ ತುಂಬದೆ ಯಾವ ಸೀರಿಯಲ್ ನಂಬರೂ ಇನ್‌ಸ್ಟಾಲೇಷನ್‌ನ ನಿಯಮ ಕಡತಕ್ಕೆ ಹೋಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಈ ಪಟ್ಟಿಯನ್ನೂ ಕೆಎಂಎಸ್ ಸರ್ವರ್‌ನ 12290 ದಾಖಲೆಗಳನ್ನೂ ಪಕ್ಕ ಪಕ್ಕ ಇಟ್ಟು, ಪಟ್ಟಿಯಲ್ಲಿಲ್ಲದ ಹೆಸರು ಯಾವುದಾದರೂ ಆಕ್ಟಿವೇಷನ್ ಕೇಳಿದೆಯೇ ಎಂದು ಹುಡುಕುತ್ತೇವೆ. ಮೊದಲ ಸಲ ಹಾಗೆ ನೋಡಿದಾಗ ಒಂದು ಹೆಸರು ಸಿಕ್ಕಿತು. ಉಗ್ರಾಣದಲ್ಲಿ ಮೂಲೆಗೆ ಬಿದ್ದು, ಯಾರೋ ಮತ್ತೆ ಚಾಲೂ ಮಾಡಿದ ಹಳೆಯ ತರಬೇತಿ ಕಂಪ್ಯೂಟರ್ ಅದು. ಅದರ ಬಿಲ್ ಇನ್ನೂ ಸಿಕ್ಕಿಲ್ಲ. ಸಿಗುವವರೆಗೆ ಅದನ್ನು ನೆಟ್‌ವರ್ಕ್‌ನಿಂದ ಹೊರಗೆ ಇಟ್ಟಿದ್ದೇವೆ.